ಢಾಕಾ ಶರಣಾಗತಿ: ಚಿತ್ರದ ಪಕ್ಕದಲ್ಲಿ ಪತ್ರವೂ ಇರಲಿ

ಮಾನ್ಯ ರಕ್ಷಣಾ ಸಚಿವರಿಗೆ,

1971ರ ಡಿಸೆಂಬರ್ 16ರಂದು ಢಾಕಾದ ರಮ್ನಾ ರೇಸ್‌ಕೋರ್ಸಿನಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧದ ಕೊನೆಗೆ, ಪಾಕಿಸ್ತಾನದ ಪೂರ್ವ ಕಮಾಂಡ್ (ಆಗಿನ ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕ್ ಪಡೆ) ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿರುವ ವರ್ಣಚಿತ್ರ 2024ರಲ್ಲಿ ಸೇನಾ ಮುಖ್ಯಸ್ಥರ ಕಚೇರಿಯಿಂದ ದೆಹಲಿಯ ಮಾಣೆಕ್‌ಷಾ ಕೇಂದ್ರಕ್ಕೆ ಬಂತು. ಅದು ಎಲ್ಲಿರಬೇಕೆಂಬ ವಾದ ಸಾಕಷ್ಟು ನಡೆದಿದೆ. ನಮ್ಮ ಕೋರಿಕೆ ಬೇರೆ. ಅಂದು ಸಹಿಯಾದ ಶರಣಾಗತಿ ಪತ್ರದ ಪೂರ್ಣ ಪಾಠವನ್ನು, ವಿವರಣೆಯ ಸಮೇತ, ಭಾರತದ ಎಲ್ಲ ಪ್ರಮುಖ ಭಾಷೆಗಳಲ್ಲಿ ಫಲಕವಾಗಿ ಚಿತ್ರದ ಪಕ್ಕದಲ್ಲಿಡಿ.

ಪತ್ರ ಚಿಕ್ಕದು, ಆದರೆ ಒಂದೊಂದು ಸಾಲಿಗೂ ಕಾರಣವಿದೆ. ಪಾಕ್ ಪಡೆಗಳು ತಾವು ಇರುವಲ್ಲೇ, ಭಾರತದ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ ಅಧೀನದ ಹತ್ತಿರದ ನಿಯತ ಸೇನೆಗೆ ಶಸ್ತ್ರ ಒಪ್ಪಿಸಬೇಕು ಎನ್ನುತ್ತದೆ. ಸೋತ ತುಕಡಿಗಳು ಬಂದೂಕು ಹೊತ್ತು ರಸ್ತೆಗಿಳಿದರೆ ದಾರಿಯಲ್ಲೇ ಮತ್ತೆ ಗುಂಡು ಹಾರುತ್ತದೆ. ಒಂಬತ್ತು ತಿಂಗಳ ಕ್ರೌರ್ಯ ಕಂಡ ಜನರ ನಡುವೆ ಕೈದಿಗಳ ಪ್ರಾಣಕ್ಕೆ ಹೊಣೆ ಹೊರಲು ಶಿಸ್ತಿನ ಪಡೆಯೇ ಬೇಕಿತ್ತು. ಅರೆಸೇನಾ ಪಡೆಗಳನ್ನೂ ನಾಗರಿಕ ಸಶಸ್ತ್ರ ಪಡೆಗಳನ್ನೂ ಹೆಸರಿಸಿ ಸೇರಿಸಲಾಗಿದೆ. ಅವನ್ನು ಬಿಟ್ಟಿದ್ದರೆ, ಈ ಒಪ್ಪಂದ ತಮಗೆ ಅನ್ವಯಿಸದು ಎಂದು ಕಾದಾಟ ಮುಂದುವರಿಸಲು ಅವರಿಗೆ ನೆಪ ಸಿಗುತ್ತಿತ್ತು.

ನಮ್ಮ ಮಟ್ಟಿಗೆ ಬಹುಮುಖ್ಯವಾದ ಷರತ್ತು ಮುಂದಿನದು: ಸಹಿ ಬಿದ್ದ ಕೂಡಲೇ ಪಾಕಿಸ್ತಾನದ ಪೂರ್ವ ಕಮಾಂಡ್ ಅರೋರಾ ಅವರ ಆಜ್ಞೆಗೆ ಒಳಪಡುತ್ತದೆ. ಅಂದರೆ ಸೋತವನ ಆಜ್ಞಾಸರಣಿ ಮುರಿಯುವುದಿಲ್ಲ, ಗೆದ್ದವನ ಕೈಗೆ ಬರುತ್ತದೆ. ದೂರದ ಠಾಣೆಯ ಸೈನಿಕ ನಂಬುವುದು ತನ್ನದೇ ಅಧಿಕಾರಿಯ ಮಾತನ್ನು. ಆ ಮಾತು ತಲುಪದಿದ್ದರೆ ಏನಾಗುತ್ತದೆಂಬುದಕ್ಕೆ ಜಪಾನಿನ ಹಿರೂ ಒನೋಡಾ ಸಾಕ್ಷಿ. 1945ರಲ್ಲೇ ಮುಗಿದ ಯುದ್ಧವನ್ನು ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಲ್ಲಿ 1974ರವರೆಗೂ ಮುಂದುವರಿಸಿದ ಆತ ಮಣಿದದ್ದು, ಹಳೆಯ ಮೇಲಧಿಕಾರಿ ಖುದ್ದಾಗಿ ಬಂದು ಆಜ್ಞೆ ಓದಿದ ಮೇಲೆಯೇ.

ಕೊನೆಗೆ ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದದಂತೆ ಗೌರವದಿಂದ ನಡೆಸಿಕೊಳ್ಳುವ ಭರವಸೆ, ವಿದೇಶಿಯರಿಗೂ ಅಲ್ಪಸಂಖ್ಯಾತರಿಗೂ ಪಶ್ಚಿಮ ಪಾಕಿಸ್ತಾನ ಮೂಲದವರಿಗೂ ರಕ್ಷಣೆ. ನಾಗರಿಕರೂ ಸೇರಿ ಸುಮಾರು 93,000 ಮಂದಿಗೆ ಈ ಮಾತು ಅನ್ವಯಿಸಿತು. ಹೆಸರು, ಹುದ್ದೆ, ಜನ್ಮದಿನಾಂಕ, ಸೇನಾ ಸಂಖ್ಯೆ ದಾಖಲಿಸುವುದು, ಗಾಯಾಳುಗಳನ್ನು ಬೇರ್ಪಡಿಸುವುದು, ಮದ್ದುಗುಂಡು ವಶಪಡಿಸಿಕೊಳ್ಳುವುದು, ನೆಲಬಾಂಬುಗಳ ಜಾಗ ಪತ್ತೆ ಮಾಡುವುದು: ನಿಜವಾದ ಕೆಲಸ ಸಹಿಯ ನಂತರವೇ ಆರಂಭ. ಢಾಕಾದಲ್ಲಿ ಆಗ ನಮ್ಮ ಸೈನಿಕರು ಕಡಿಮೆಯಿದ್ದರು. ಆದ್ದರಿಂದ ಪಾಕ್ ಸೈನಿಕರು ಆತ್ಮರಕ್ಷಣೆಗೆಂದು ಕೆಲವು ದಿನ ಶಸ್ತ್ರ ಇಟ್ಟುಕೊಳ್ಳಲು ಬಿಡಲಾಯಿತು. ಚಿತ್ರವೊಂದನ್ನೇ ನೋಡಿದವರಿಗೆ ಇದು ಹೊಳೆಯುವುದಿಲ್ಲ.

ಫಲಕದಲ್ಲಿ ಎರಡು ವಿಷಯ ತಪ್ಪದೆ ಬರಲಿ. ಅರೋರಾ ಸಹಿ ಹಾಕಿದ್ದು ಭಾರತ ಮತ್ತು ಬಾಂಗ್ಲಾದೇಶದ ಪಡೆಗಳೆರಡರ ದಂಡನಾಯಕರಾಗಿ. ಬಾಂಗ್ಲಾ ಪಡೆಗಳ ಪರವಾಗಿ ಅವುಗಳ ಉಪಮುಖ್ಯಸ್ಥ ಎ.ಕೆ. ಖಂಡಕರ್ ಸ್ಥಳದಲ್ಲಿದ್ದರು. ಎರಡನೆಯದಾಗಿ, ನಿಯಾಜಿಯ ಸಹಿ ಪೂರ್ವದ ಪಡೆಗಳಿಗಷ್ಟೇ ಸೀಮಿತ. ಪಶ್ಚಿಮದಲ್ಲಿ ಯುದ್ಧ ನಿಂತದ್ದು ಡಿಸೆಂಬರ್ 17ರ ಕದನವಿರಾಮದಿಂದ. ಕೈದಿಗಳ ಮರಳುವಿಕೆಗೆ 1973ರ ದೆಹಲಿ ಒಪ್ಪಂದವೇ ಬೇಕಾಯಿತು. ಅದು ಪೂರ್ಣಗೊಂಡದ್ದು 1974ರಲ್ಲಿ. ಮುಂದಿನ ವಿಜಯ ದಿವಸದೊಳಗೆ ಈ ಫಲಕ ಸಿದ್ಧವಾಗುವಂತೆ ಆದೇಶಿಸಬೇಕೆಂದು ಕೋರುತ್ತೇವೆ.

ಇತಿ,
ಸೇನಾ ಇತಿಹಾಸದ ಅಧ್ಯಯನಕಾರರು