ಇನ್‌ಸ್ಟ್ರಕ್ಟರ್ ಶುಲ್ಕ ಇನ್ನು ಗಡಿಯಾರದ ಲೆಕ್ಕದಲ್ಲಿ

ನಮ್ಮ ವಿದ್ಯಾರ್ಥಿಗಳಿಗೆ, ಮತ್ತು ಊರಿನಿಂದಲೇ ಫೀಸು ಕಟ್ಟುತ್ತಿರುವ ಅವರ ಮನೆಯವರಿಗೆ,

ನಮಸ್ಕಾರ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ನಮ್ಮಲ್ಲಿ ಹಾರಾಟ ಕಲಿಯುತ್ತಿರುವವರಿಗೆ ಬರುವ ತಿಂಗಳ 1ನೇ ತಾರೀಖಿನಿಂದ ಇನ್‌ಸ್ಟ್ರಕ್ಟರ್ ಶುಲ್ಕದ ಲೆಕ್ಕ ಬದಲಾಗುತ್ತದೆ. ಇದುವರೆಗೆ ಹಾಬ್ಸ್ ಮೀಟರಿನ (ವಿಮಾನದ ಎಂಜಿನ್ ಓಡಿದ ಹೊತ್ತು ಎಣಿಸುವ ಮೀಟರ್) ಗಂಟೆಗೆ 90 ಡಾಲರ್ ಇತ್ತು. ಇನ್ನು ಮುಂದೆ ಪಾಠ ಶುರುವಾದಾಗಿನಿಂದ ಮುಗಿಯುವವರೆಗೆ, ಗಡಿಯಾರದ ಗಂಟೆಗೆ 70 ಡಾಲರ್. 90 ಇದ್ದದ್ದು 70 ಆಯಿತೆಂದು ಖುಷಿಪಡುವ ಮೊದಲು ಪೂರ್ತಿ ಓದಿ. ಒಟ್ಟು ಬಿಲ್ಲು ಹೆಚ್ಚಾಗುತ್ತದೆ. ನೀವು ಕಲಿಯುವ ಸೆಸ್ನಾ 172 ವಿಮಾನದ ಬಾಡಿಗೆ ಮಾತ್ರ ಇಂಧನ ಸೇರಿ ಹಾಬ್ಸ್ ಗಂಟೆಗೆ 190 ಡಾಲರ್, ಮೊದಲಿದ್ದಷ್ಟೇ.

ಹಾಬ್ಸ್ ಓಡುವುದು ಎಂಜಿನ್ ಓಡುವಾಗ ಮಾತ್ರ. ಎರಡು ಗಂಟೆಯ ಒಂದು ಪಾಠ ನೋಡಿ: 15 ನಿಮಿಷ ಇವತ್ತು ಏನು ಮಾಡಬೇಕೆಂಬ ಮಾತು, 15 ನಿಮಿಷ ಪ್ರೀಫ್ಲೈಟ್, ಅಂದರೆ ಹಾರುವ ಮೊದಲಿನ ವಿಮಾನ ತಪಾಸಣೆ, 72 ನಿಮಿಷ ಎಂಜಿನ್, ಕೊನೆಯ 18 ನಿಮಿಷದಲ್ಲಿ ವಿಮಾನ ಕಟ್ಟಿಹಾಕಿ, ತಪ್ಪುಒಪ್ಪು ಮಾತಾಡಿ, ಲಾಗ್‌ಬುಕ್ ಬರೆಯುವುದು. ಹಾಬ್ಸ್ ತೋರಿಸುವುದು 1.2. ನೀವು ಕೊಡುತ್ತಿದ್ದದ್ದು 108 ಡಾಲರ್. ಅದರಲ್ಲಿ ಇನ್‌ಸ್ಟ್ರಕ್ಟರ್ ಕೈಗೆ ಹಾಬ್ಸ್ ಗಂಟೆಗೆ 55ರಂತೆ 66 ಡಾಲರ್, ಅಂದರೆ ದುಡಿದ ಗಂಟೆಗೆ 33. ಉಳಿದ 42 ಸಂಸ್ಥೆಗೆ. ಹೊಸ ಲೆಕ್ಕದಲ್ಲಿ ಅದೇ ಪಾಠಕ್ಕೆ ನೀವು ಕೊಡುವುದು 140. ಇನ್‌ಸ್ಟ್ರಕ್ಟರ್‌ಗೆ 100, ಸಂಸ್ಥೆಗೆ 40. ನೀವು ಹೆಚ್ಚಿಗೆ ಕೊಡುವ 32 ಡಾಲರಿನ ಜೊತೆಗೆ ನಮ್ಮ ಪಾಲಿನ 2 ಡಾಲರೂ ಅವರಿಗೇ ಹೋಗುತ್ತದೆ. ನಮ್ಮ ಪಾಲಿನಲ್ಲೇ ಮಾಲೀಕರು ಕಟ್ಟಬೇಕಾದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ (ಸಂಬಳದ 7.65 ಶೇಕಡಾ, 100 ಡಾಲರಿಗೆ 7 ಡಾಲರ್ 65 ಸೆಂಟ್), ವಿಮೆ, ಕಾರ್ಡಿನ ಕಮಿಷನ್ ಎಲ್ಲ ಕಳೆಯಬೇಕು. ಇನ್ನು ಮುಂದೆ ಬಿಲ್ಲಿನಲ್ಲೇ ಎರಡೂ ಪಾಲು ಬೇರೆಬೇರೆ ಅಚ್ಚಾಗಿರುತ್ತದೆ.

ಸಂಬಳ ಕಡಿಮೆ ಎಂಬುದೊಂದೇ ಕಾರಣವಲ್ಲ. ಹಾಬ್ಸ್ ಲೆಕ್ಕ ಪಾಠವನ್ನೇ ಕೆಡಿಸುತ್ತದೆ. ನೆಲದ ಮೇಲೆ ಹೇಳಿದ್ದಕ್ಕೆ ಕಾಸಿಲ್ಲ, ಎಂಜಿನ್ ಓಡುವಾಗ ಹೇಳಿದ್ದಕ್ಕೆ ಉಂಟು ಎಂದಾದರೆ ಯಾರಾದರೂ ಕೀ ತಿರುಗಿಸಿದ ಮೇಲೆಯೇ ಬಾಯಿ ಬಿಡುತ್ತಾರೆ. ಅಡ್ಡಗಾಳಿಯಲ್ಲಿ ಇಳಿಯುವುದನ್ನು ಎಂಜಿನ್ ಓಡಿಸಿಟ್ಟುಕೊಂಡು 12 ನಿಮಿಷ ವಿವರಿಸಿದರೆ ಹಳೆಯ ಲೆಕ್ಕದಲ್ಲಿ 56 ಡಾಲರ್: ವಿಮಾನದ ಬಾಡಿಗೆ 38, ಇನ್‌ಸ್ಟ್ರಕ್ಟರ್ ಶುಲ್ಕ 18. ಅದನ್ನೇ ಒಳಗೆ ಬಿಳಿ ಬೋರ್ಡಿನ ಮುಂದೆ, ಬಾಣದ ಗುರುತು ಹಾಕಿ ಹೇಳಿದರೆ ಹೊಸ ಲೆಕ್ಕದಲ್ಲಿ 14. ಪ್ರೊಪೆಲ್ಲರ್ ಸದ್ದಿನ ನಡುವೆ ಹೆಡ್‌ಸೆಟ್ಟಿನಲ್ಲಿ ಕೇಳಿದ್ದು ಎಷ್ಟು ತಲೆಗೆ ಹೋಗುತ್ತದೆಂದು ನಿಮಗೇ ಗೊತ್ತು.

ಇನ್ನೊಂದು, ಇನ್‌ಸ್ಟ್ರಕ್ಟರ್‌ಗಳು ನಡುದಾರಿಯಲ್ಲಿ ಬಿಟ್ಟುಹೋಗುವ ಸಮಸ್ಯೆ. ಅಮೆರಿಕದಲ್ಲಿ ಸಾಮಾನ್ಯ ದಾರಿಯಲ್ಲಿ 250 ಗಂಟೆ ಹಾರಾಟಕ್ಕೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಏರ್‌ಲೈನಿಗೆ ಹೋಗಲು ಸಾಮಾನ್ಯವಾಗಿ 1500 ಗಂಟೆ ಬೇಕು. 2009ರಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿದ್ದ ಮೇಲೆ ಬಂದ ಕಾನೂನಿನ ಫಲ ಇದು, 2013ರಿಂದ ಜಾರಿಯಲ್ಲಿದೆ. ನಡುವಿನ ಗಂಟೆಗಳನ್ನು ತುಂಬಿಸಿಕೊಳ್ಳಲು ಬಹಳ ಜನ ಕಲಿಸುವ ಕೆಲಸ ಹಿಡಿಯುತ್ತಾರೆ. ಅದು ತಪ್ಪಲ್ಲ. ಆದರೆ ಮೀಟರ್ ಓಡಿದರೆ ಮಾತ್ರ ಸಂಬಳ ಎಂದಾದಾಗ, ಕಲಿಸುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದವರೂ ನಿಲ್ಲುವುದಿಲ್ಲ. ಇನ್‌ಸ್ಟ್ರಕ್ಟರ್ ಬದಲಾದರೆ ಹೊಸಬರು ನಿಮ್ಮನ್ನು ಅಳೆಯಲು ಎರಡು ಮೂರು ಪಾಠ ಹೋಗುತ್ತದೆ, ಅದರ ಖರ್ಚೂ ನಿಮ್ಮದೇ. ಹೆಚ್ಚು ಹೊತ್ತು ಹಾರಿಸಿ ಸಂಪಾದಿಸಲಿ ಎನ್ನುವಂತೆಯೂ ಇಲ್ಲ: 24 ಗಂಟೆಯೊಳಗೆ 8 ಗಂಟೆಗಿಂತ ಹೆಚ್ಚು ಹಾರಾಟ ತರಬೇತಿ ಕೊಡುವಂತಿಲ್ಲವೆಂದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮವೇ ಇದೆ.

ಇಡೀ ಕೋರ್ಸಿಗೆ ಎಷ್ಟು ಹೆಚ್ಚು? ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಇನ್‌ಸ್ಟ್ರಕ್ಟರ್ ಜೊತೆ 35 ಪಾಠ ಎಂದಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ 42 ಹಾಬ್ಸ್ ಗಂಟೆ, 3780 ಡಾಲರ್. ಹೊಸದರಲ್ಲಿ 70 ಗಂಟೆ, 4900 ಡಾಲರ್. 1120 ಹೆಚ್ಚು. ಇದರಲ್ಲಿ ಸುಮಾರು ಅರ್ಧವನ್ನು ನೀವೇ ಉಳಿಸಬಹುದು. ಐದನೇ ಪಾಠದ ಹೊತ್ತಿಗೆ ಪ್ರೀಫ್ಲೈಟ್ ಒಬ್ಬರೇ ಮಾಡಲು ಬರಬೇಕು. ಆಮೇಲೆ 20 ನಿಮಿಷ ಮೊದಲೇ ಬಂದು, ರೆಕ್ಕೆಯ ಟ್ಯಾಂಕಿಗೆ ಅಳತೆಕಡ್ಡಿ ಇಳಿಸಿ, ಆಯಿಲ್ ನೋಡಿ, ತಳದಿಂದ ಇಂಧನ ತೆಗೆದು ನೀರಿದೆಯೇ ಪರೀಕ್ಷಿಸಿ ಮುಗಿಸಿಡಿ. ಆ ಹೊತ್ತಿಗೆ ಶುಲ್ಕವಿಲ್ಲ. 30 ಪಾಠಕ್ಕೆ 15 ನಿಮಿಷದಂತೆ ಏಳೂವರೆ ಗಂಟೆ, 525 ಡಾಲರ್ ಉಳಿತಾಯ. ಇಂಧನ ಬೇಕಿದ್ದರೆ ಟ್ರಕ್ಕಿಗೂ ಆಗಲೇ ಹೇಳಿಬಿಡಿ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ನಿಂತು ಟ್ರಕ್ಕಿನ ದಾರಿ ಕಾಯುವುದಕ್ಕೆ ದುಡ್ಡು ಕೊಡುವುದು ನಮಗೂ ಸರಿಯೆನಿಸುವುದಿಲ್ಲ.

ಶುರು ಮತ್ತು ಕೊನೆಯ ಹೊತ್ತನ್ನು ಇಬ್ಬರೂ ಚೀಟಿಯಲ್ಲಿ ಬರೆದು ಸಹಿ ಹಾಕಬೇಕು, 6 ನಿಮಿಷಕ್ಕೆ 0.1 ಗಂಟೆಯಂತೆ. ಇನ್‌ಸ್ಟ್ರಕ್ಟರ್ ತಡವಾಗಿ ಬಂದರೆ, ಅಥವಾ ಹಿಂದಿನ ಬುಕಿಂಗಿನವರು ವಿಮಾನ ತಡವಾಗಿ ತಂದರೆ ಆ ಹೊತ್ತು ನಿಮ್ಮ ಲೆಕ್ಕಕ್ಕಿಲ್ಲ. ಹಾರುವ ಮುನ್ನ ಎಂಜಿನ್ ಪರೀಕ್ಷಿಸುವ ರನ್-ಅಪ್‌ನಲ್ಲಿ, ಎಂಜಿನ್ನಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದು ಕೈಕೊಟ್ಟು (172ಎಸ್‌ನಲ್ಲಿ 1800 ಆರ್‌ಪಿಎಂನಿಂದ 150ಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಎರಡರ ನಡುವೆ 50ಕ್ಕಿಂತ ಹೆಚ್ಚು ಅಂತರ ಬಂದರೆ) ವಾಪಸ್ ಬರಬೇಕಾದರೆ ವಿಮಾನದ ಬಾಡಿಗೆ ಪೂರ್ತಿ ಮನ್ನಾ. ಇನ್‌ಸ್ಟ್ರಕ್ಟರ್ ಸಮಯಕ್ಕೆ ಮಾತ್ರ ಶುಲ್ಕ.

ಸೋಲೋ, ಅಂದರೆ ವಿದ್ಯಾರ್ಥಿಯೊಬ್ಬರೇ ಹಾರುವ ವಿಷಯದಲ್ಲಿ ಬಹಳ ಪ್ರಶ್ನೆ ಬರುತ್ತವೆ. ಮೊದಲ ಮೂರು ಸೋಲೋಗೆ ಇನ್‌ಸ್ಟ್ರಕ್ಟರ್ ಕೈಯಲ್ಲಿ ರೇಡಿಯೋ ಹಿಡಿದು ಕೆಳಗೆ ನಿಂತಿರುತ್ತಾರೆ, ಆ ಹೊತ್ತಿಗೆ ಶುಲ್ಕ ಉಂಟು. ಆಮೇಲೆ ನೀವೊಬ್ಬರೇ ಹಾರುವಾಗ ಇಲ್ಲ. ಸೋಲೋ ಕ್ರಾಸ್-ಕಂಟ್ರಿಗೆ (ಒಬ್ಬರೇ ದೂರದ ಬೇರೆ ನಿಲ್ದಾಣಕ್ಕೆ ಹಾರುವುದು) ಮಾತ್ರ ಪ್ರತಿ ಸಲವೂ ನಿಮ್ಮ ಪ್ಲಾನ್, ಹವಾಮಾನ, ಇಂಧನದ ಲೆಕ್ಕ ನೋಡಿ ಲಾಗ್‌ಬುಕ್ಕಿನಲ್ಲಿ ಅನುಮತಿ ಬರೆಯಬೇಕಾಗುತ್ತದೆ. ತಯಾರಾಗಿ ಬಂದರೆ ಅರ್ಧ ಗಂಟೆಯ ಕೆಲಸ. ವೀಸಾದ ಮೇಲಿರುವವರ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ಕಾಗದಪತ್ರ ನೋಡುವುದಕ್ಕೆ ಶುಲ್ಕವಿಲ್ಲ.

ಪಾಠ ರದ್ದು ಮಾಡುವುದಿದ್ದರೆ 24 ಗಂಟೆ ಮೊದಲು ಹೇಳಿ. ತಡವಾದರೆ ಒಂದು ಗಂಟೆಯ 70 ಡಾಲರ್, ಅದರಲ್ಲಿ ಯಥಾಪ್ರಕಾರ 50 ಇನ್‌ಸ್ಟ್ರಕ್ಟರ್‌ಗೆ. ಹವಾಮಾನದಿಂದ ರದ್ದಾದರೆ ಏನೂ ಇಲ್ಲ. ಬೇಸಿಗೆಯ ಬೆಳಗ್ಗೆ ಕಡಲ ಕಡೆಯಿಂದ ಮೋಡ ನುಗ್ಗಿ ಕೂತಾಗ ಬೇಕಿದ್ದರೆ ಆ ಹೊತ್ತನ್ನು ಲಿಖಿತ ಪರೀಕ್ಷೆಯ ಪಾಠಕ್ಕೆ ಬಳಸಿಕೊಳ್ಳಿ. ಹುಷಾರಿಲ್ಲದಿದ್ದರೂ ದಂಡವಿಲ್ಲ, ಡಾಕ್ಟರ ಚೀಟಿಯನ್ನೂ ಕೇಳುವುದಿಲ್ಲ. 70 ಡಾಲರ್ ಹೋಗುತ್ತದೆಂದು ನೆಗಡಿ ಕಟ್ಟಿದ ಮೂಗಿನಲ್ಲಿ ಹಾರಿದರೆ ಇಳಿಯುವಾಗ ಕಿವಿಯ ನೋವಿಗೆ ಕಣ್ಣು ಕತ್ತಲಿಡುತ್ತದೆ.

ಮುಂಗಡ ಕಟ್ಟಿದವರಿಗೆ ಉಳಿದ ಹಣ ಮುಗಿಯುವವರೆಗೆ, ಹೆಚ್ಚೆಂದರೆ 60 ದಿನ, ಹಳೆಯ ದರವೇ. ಬೇಡವೆಂದರೆ ಪೂರ್ತಿ ವಾಪಸ್. ಹೊಸದಾಗಿ ಯಾರಿಂದಲೂ ಮುಂಗಡ ತೆಗೆದುಕೊಳ್ಳುವುದಿಲ್ಲ, ಪಾಠ ಮುಗಿದ ದಿನವೇ ಬಿಲ್ಲು. ಇನ್‌ಸ್ಟ್ರಕ್ಟರ್ ಕೈಗೆ ಬೇರೆಯಾಗಿ ನಗದು ಕೊಟ್ಟು ಪಾಠ ಮಾಡಿಸಿಕೊಳ್ಳುವುದು ಬೇಡ. ನಮ್ಮ ಬಿಲ್ಲಿಗೆ ಬಾರದ ಹಾರಾಟಕ್ಕೆ ನಮ್ಮ ವಿಮೆ ಅನ್ವಯಿಸುವುದಿಲ್ಲ.

ನಿಮ್ಮ ಈವರೆಗಿನ ಗಂಟೆಗಳನ್ನು ಇಟ್ಟುಕೊಂಡು, ಉಳಿದ ಕೋರ್ಸಿಗೆ ಎರಡೂ ಲೆಕ್ಕದಲ್ಲಿ ಎಷ್ಟಾಗುತ್ತದೆಂದು ಬರೆದುಕೊಡುತ್ತೇವೆ. ಮುಂದಿನ ಪಾಠಕ್ಕೆ ಬರುವಾಗ ಲಾಗ್‌ಬುಕ್ ಆಫೀಸಿಗೆ ತನ್ನಿ.

ಇಂತಿ,
ತರಬೇತಿ ಸಂಸ್ಥೆಯ ಪಾಲುದಾರರು