ಸುಮೋ ಮಲ್ಲನನ್ನು ಕಣಕ್ಕಿಳಿಸುವುದು ಬಹುಮಾನದ ಹಣವೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಕ್ರೀಡಾ ಪುಟದ ಲೇಖನವು ನಮ್ಮ ಕುಸ್ತಿ ಮತ್ತು ಕಬಡ್ಡಿ ಆಟಗಾರರಲ್ಲಿ ಛಲ ಕುಂದಲು ಬಹುಮಾನದ ಮೊತ್ತ ಕಡಿಮೆಯಿರುವುದೇ ಕಾರಣವೆಂದು ವಾದಿಸಿ, ಅದಕ್ಕೆ ನಿದರ್ಶನವಾಗಿ ಜಪಾನಿನ ಸುಮೋ ಮಲ್ಲರನ್ನು ಮುಂದಿಟ್ಟಿದೆ. ಗೆದ್ದ ಕೂಡಲೇ ಕಣದಲ್ಲೇ ಹಣದ ಲಕೋಟೆ ಕೈಸೇರುವುದರಿಂದ ಅಲ್ಲಿನವರು ಮೈಮುರಿದು ಸೆಣಸುತ್ತಾರೆ ಎಂಬುದು ಲೇಖಕರ ನಂಬಿಕೆ. ಟೋಕಿಯೊದಲ್ಲಿ ಸಂಜೆ ಆರಕ್ಕೆ ಮುಗಿಯುವ ದಿನದ ಕೊನೆಯ ಪಂದ್ಯಗಳು ನಮಗೆ ಮಧ್ಯಾಹ್ನ ಎರಡೂವರೆಯ ಒಳಗೇ ಸಿಗುವುದರಿಂದ, ನಿವೃತ್ತನಾದ ಮೇಲೆ ಊಟದ ನಂತರದ ಹೊತ್ತನ್ನು ಸುಮೋಗೆ ಮೀಸಲಿಟ್ಟಿರುವ ನನಗೆ ಈ ಮಾತು ಅರ್ಧದಷ್ಟೇ ನಿಜವೆಂದು ತೋರುತ್ತದೆ. ಉಳಿದರ್ಧವನ್ನು ಬಿಟ್ಟು ನಾವು ಇಲ್ಲಿ ನೀತಿ ರೂಪಿಸಲು ಹೊರಟರೆ ಪೈಲ್ವಾನರಿಗೇ ನಷ್ಟ.

ಮೊದಲು ಆ ಲಕೋಟೆಯನ್ನೇ ನೋಡೋಣ. ಪಂದ್ಯಕ್ಕೆ ಮುನ್ನ ಪ್ರಾಯೋಜಕ ಕಂಪನಿಗಳ ಹೆಸರು ಬರೆದ ಬಟ್ಟೆಯ ಪಟಗಳನ್ನು ಹಿಡಿದವರು ಕಣದ ಸುತ್ತ ಒಂದು ಸುತ್ತು ಬರುತ್ತಾರೆ. ಪಂದ್ಯ ಮುಗಿದ ಮೇಲೆ ಗೆದ್ದವನು ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಗ್ಯೋಜಿ ಎಂದು ಕರೆಯುವ ತೀರ್ಪುಗಾರನು ತನ್ನ ಮರದ ಬೀಸಣಿಗೆಯ ಮೇಲೆ ಲಕೋಟೆಗಳ ಕಟ್ಟನ್ನಿಟ್ಟು ಮುಂದೆ ಚಾಚುತ್ತಾನೆ. ಗೆದ್ದವನು ಬಲಗೈಯನ್ನು ಕತ್ತಿಯಂತೆ ನೇರವಾಗಿಸಿ ಎಡಕ್ಕೆ, ಬಲಕ್ಕೆ, ನಡುವಿಗೆ ಗಾಳಿಯಲ್ಲಿ ಕಡಿದು ಮೂವರು ದೇವತೆಗಳಿಗೆ ವಂದನೆ ಸಲ್ಲಿಸಿದ ಮೇಲಷ್ಟೇ ಅದನ್ನು ಎತ್ತಿಕೊಳ್ಳುತ್ತಾನೆ. ನೋಡಲು ಬಹಳ ಸೊಗಸು. ಒಂದು ಪಟಕ್ಕೆ ಪ್ರಾಯೋಜಕರು ಕಟ್ಟಬೇಕಾದದ್ದು 70,000 ಯೆನ್. ಇದು 2019ರಲ್ಲಿ ಏರಿಸಿದ ದರ. ಅದರಲ್ಲಿ 10,000 ಯೆನ್ ಸುಮೋ ಸಂಘಕ್ಕೆ ಹೋಗಿ, 30,000 ಯೆನ್ ತೆರಿಗೆ ಇತ್ಯಾದಿಗಾಗಿ ಮಲ್ಲನ ಹೆಸರಿನಲ್ಲಿ ಸಂಘದ ಬಳಿಯೇ ಉಳಿದು, ಲಕೋಟೆಯಲ್ಲಿ ನಗದಾಗಿ ಸಿಗುವುದು 30,000 ಯೆನ್. ಆದರೆ ಈ ಪಟಗಳು ಎಲ್ಲರ ಪಂದ್ಯಕ್ಕೂ ಬರುವುದಿಲ್ಲ. ದಿನದ ಕೊನೆಯಲ್ಲಿ ಜನಪ್ರಿಯರು ಕಣಕ್ಕಿಳಿದಾಗ ಪಟಗಳ ಸಾಲು ಮುಗಿಯುವುದೇ ಇಲ್ಲ. ಅದೇ ಮೇಲ್ದರ್ಜೆಯ ಕೆಳ ಸಾಲಿನಲ್ಲಿರುವ ಇಬ್ಬರು ಎದುರಾದಾಗ ಒಂದು ಪಟವೂ ಇಲ್ಲದಿರುವುದುಂಟು. ಅಂದರೆ ಈ ಹಣ ಪರಿಶ್ರಮವನ್ನು ಹುಡುಕಿಕೊಂಡು ಬರುವುದಲ್ಲ, ಈಗಾಗಲೇ ಹೆಸರು ಮಾಡಿದವರ ಹಿಂದೆ ಓಡುವಂಥದ್ದು.

ಸುಮೋ ಮಲ್ಲನ ನಿದ್ದೆ ಕೆಡಿಸುವುದು ಬೇರೆಯೇ ಒಂದು ಗೆರೆ. ಅಲ್ಲಿರುವ ಸುಮಾರು 600 ಮಲ್ಲರಲ್ಲಿ ತಿಂಗಳ ಸಂಬಳ ಸಿಗುವುದು ಮೇಲಿನ ಎರಡು ದರ್ಜೆಗಳ 70 ಮಂದಿಗೆ ಮಾತ್ರ: ಮಕುಉಚಿಯ 42 ಮತ್ತು ಅದರ ಕೆಳಗಿನ ಜೂರ್ಯೋದ 28. ಜೂರ್ಯೋದ ಕಟ್ಟಕಡೆಯ ಮಲ್ಲನಿಗೂ ತಿಂಗಳಿಗೆ 11 ಲಕ್ಷ ಯೆನ್, ಅಂದರೆ ನಮ್ಮ ಆರು ಲಕ್ಷ ರೂಪಾಯಿಯ ಆಸುಪಾಸು. ಅತ್ಯುನ್ನತ ಪದವಿಯಾದ ಯೊಕೊಜುನಾಗೆ 30 ಲಕ್ಷ ಯೆನ್. ಆದರೆ ಜೂರ್ಯೋಗಿಂತ ಒಂದೇ ಸ್ಥಾನ ಕೆಳಗೆ, ಮಕುಶಿತಾ ದರ್ಜೆಯ ತುದಿಯಲ್ಲಿ ನಿಂತವನಿಗೆ ಸಂಬಳವೆಂಬುದೇ ಇಲ್ಲ. ಗರಡಿಯಲ್ಲಿ ಊಟ, ವಸತಿ, ಎರಡು ತಿಂಗಳಿಗೊಮ್ಮೆ ಬರುವ ಪಂದ್ಯಾವಳಿಗೆ ಸಣ್ಣ ಭತ್ಯೆ, ಅಷ್ಟೆ. ಹಣವೊಂದೇ ಅಲ್ಲ. ಗೆರೆಯ ಮೇಲಿದ್ದವನಿಗೆ ರೇಷ್ಮೆಯ ಕಚ್ಚೆ, ಸ್ವಂತ ಕೋಣೆ, ಬಟ್ಟೆ ಹೊರುವುದಕ್ಕೂ ಬೆನ್ನು ತಿಕ್ಕುವುದಕ್ಕೂ ಕಿರಿಯ ಮಲ್ಲರು. ಗೆರೆಯ ಕೆಳಕ್ಕೆ ಜಾರಿದರೆ ಮತ್ತೆ ಹತ್ತಿಯ ಕಪ್ಪು ಕಚ್ಚೆ, ಇನ್ನೊಬ್ಬರ ಬೆನ್ನು ತಿಕ್ಕುವ ಪಾಳಿ. ಇನ್ನೂ ಕೆಳಗಿನ ಎರಡು ದರ್ಜೆಯ ಹುಡುಗರು ಹಿಮ ಬೀಳುವ ಚಳಿಗಾಲದಲ್ಲೂ ತೆಳುವಾದ ಹತ್ತಿಯ ನಿಲುವಂಗಿ ತೊಟ್ಟು ಮರದ ಪಾದುಕೆಯಲ್ಲೇ ಓಡಾಡಬೇಕೆಂಬುದು ನಿಯಮ. ಮೇಲ್ದರ್ಜೆಯ ಪಂದ್ಯಾವಳಿ ಗೆದ್ದವನಿಗೆ ಸಿಗುವ ಒಂದು ಕೋಟಿ ಯೆನ್ ಬಹುಮಾನವು ಪತ್ರಿಕೆಗಳ ತಲೆಬರಹಕ್ಕೆ ಬರುತ್ತದೆ, ನಿಜ. ಆದರೆ ವರ್ಷಕ್ಕೆ ಆರು ಬಾರಿ ಮಾತ್ರ ಯಾರೋ ಒಬ್ಬನಿಗೆ ದಕ್ಕುವ ಆ ಮೊತ್ತವನ್ನು ನೆನೆದು ಉಳಿದವರೆಲ್ಲ ನಸುಕಿನಲ್ಲೆದ್ದು ಬರಿಹೊಟ್ಟೆಯಲ್ಲಿ ಮಣ್ಣಿಗಿಳಿಯುತ್ತಾರೆಂದು ನಂಬುವುದು ಕಷ್ಟ.

ಈ ಗೆರೆ ಎಷ್ಟು ಬಲವಾದದ್ದೆಂದರೆ ಅದು ಒಮ್ಮೆ ಸುಮೋವನ್ನೇ ಕೆಡಿಸಿತು. ಹದಿನೈದು ದಿನಗಳ ಪಂದ್ಯಾವಳಿಯಲ್ಲಿ ಎಂಟು ಗೆದ್ದವನು ಶ್ರೇಣಿಯಲ್ಲಿ ಏರುತ್ತಾನೆ, ಏಳಕ್ಕೆ ನಿಂತವನು ಇಳಿಯುತ್ತಾನೆ. ಹಾಗಾಗಿ ಎಂಟನೆಯ ಗೆಲುವಿಗಿರುವ ಬೆಲೆ ಒಂಬತ್ತನೆಯದಕ್ಕೆ ಇಲ್ಲ. ಮಾರ್ಕ್ ಡಗನ್ ಮತ್ತು ಸ್ಟೀವನ್ ಲೆವಿಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹತ್ತು ವರ್ಷಕ್ಕೂ ಹೆಚ್ಚಿನ ಅವಧಿಯ ಪಂದ್ಯಗಳ ಫಲಿತಾಂಶವನ್ನು ಜಾಲಾಡಿ 2002ರಲ್ಲಿ ತೋರಿಸಿದ್ದು ಇದನ್ನೇ: ಏಳು ಗೆದ್ದು ಏಳು ಸೋತು ಕೊನೆಯ ದಿನಕ್ಕೆ ಬಂದವನು, ಆಗಲೇ ಎಂಟು ಗೆದ್ದು ನಿಶ್ಚಿಂತನಾದವನ ಎದುರು ನಿರೀಕ್ಷೆಗೂ ಮೀರಿ ಗೆಲ್ಲುತ್ತಿದ್ದ, ಅದೇ ಇಬ್ಬರು ಮುಂದಿನ ಸಲ ಎದುರಾದಾಗ ಸಾಲ ತೀರಿಸಿದಂತೆ ಫಲಿತಾಂಶ ತಿರುಗುಮುರುಗಾಗುತ್ತಿತ್ತು. ಮೋಸದಾಟದ ಸುದ್ದಿ ಮಾಧ್ಯಮಗಳಲ್ಲಿ ಬಿಸಿಯಾಗಿದ್ದ ಕಾಲದಲ್ಲಿ ಮಾತ್ರ ಈ ಲೆಕ್ಕ ಮಾಯವಾಗುತ್ತಿತ್ತು ಎಂಬುದನ್ನೂ ಅವರು ಗುರುತಿಸಿದರು. ಒಂಬತ್ತು ವರ್ಷಗಳ ನಂತರ, ಬೇಸ್‌ಬಾಲ್ ಜೂಜಿನ ತನಿಖೆಗೆಂದು ವಶಪಡಿಸಿಕೊಂಡಿದ್ದ ಮೊಬೈಲ್ ಫೋನುಗಳ ಸಂದೇಶಗಳಲ್ಲಿ ಸೋಲು ಕೊಂಡುಕೊಳ್ಳುವ ಮಾತುಕತೆ ಪೊಲೀಸರ ಕಣ್ಣಿಗೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಮೋದಿಂದ ಹೊರಬಿದ್ದರು. ಅವರಲ್ಲಿ ಗೆರೆಯ ಮೇಲೆಯೇ ತೂಗಾಡುವ ಜೂರ್ಯೋ ದರ್ಜೆಯವರು ಹಲವರಿದ್ದರು. 2011ರ ಮಾರ್ಚ್ ತಿಂಗಳ ಒಸಾಕಾ ಪಂದ್ಯಾವಳಿಯನ್ನೇ ರದ್ದುಗೊಳಿಸಲಾಯಿತು. 1946ರ ನಂತರ ಹಾಗಾದದ್ದು ಅದೇ ಮೊದಲು.

ಆ ವರ್ಷದ ಮೇ ತಿಂಗಳಲ್ಲಿ ನಡೆದದ್ದನ್ನು ನಿಮ್ಮ ಲೇಖಕರು ಗಮನಿಸಬೇಕಿತ್ತು. ಕೌಶಲ ಪರೀಕ್ಷೆಯೆಂಬ ಹೆಸರಿನಲ್ಲಿ ಟೋಕಿಯೊದಲ್ಲಿ ಒಂದು ಪಂದ್ಯಾವಳಿ ನಡೆಯಿತು: ಟಿಕೆಟ್ ಇಲ್ಲ, ಪ್ರಾಯೋಜಕರ ಪಟವಿಲ್ಲ, ಗೆದ್ದವನಿಗೆ ಬಹುಮಾನವಿಲ್ಲ, ಚಕ್ರವರ್ತಿಯ ಕಪ್ಪೂ ಇಲ್ಲ. ಆದರೆ ಅಲ್ಲಿನ ಸೋಲು ಗೆಲುವು ಶ್ರೇಣಿಯ ಪಟ್ಟಿಗೆ ಲೆಕ್ಕವಾಯಿತು. ಮಲ್ಲರು ಸೆಣಸಿದರು, ಆಗಿನ ಯೊಕೊಜುನಾ ಹಕುಹೋ ಸತತ ಏಳನೆಯ ಬಾರಿಗೆ ಗೆದ್ದರು. ಬಹುಮಾನವನ್ನು ಕಿತ್ತುಹಾಕಿದ ಮೇಲೂ ಆಟವನ್ನು ಎತ್ತಿಹಿಡಿದದ್ದು ಶ್ರೇಣಿ.

ಜನಪ್ರಿಯತೆಯ ವಿಷಯಕ್ಕೆ ಬಂದರೆ, ಅದಕ್ಕೆ ಹಣಕ್ಕಿಲ್ಲದ ಶಕ್ತಿಯಿದೆ ಎಂದು ನಾನು ಒಪ್ಪುತ್ತೇನೆ. ಆ ಶಕ್ತಿಯನ್ನು ಕಂಡು ಹೆದರುತ್ತೇನೆ ಕೂಡ. ವಾಕಾನೊಹಾನಾ ಮತ್ತು ಟಕಾನೊಹಾನಾ ಸಹೋದರರ ಕಾಲದಲ್ಲಿ, 1989ರ ನವೆಂಬರಿನಿಂದ 1997ರ ಮೇ ತಿಂಗಳವರೆಗೆ, ಪಂದ್ಯಾವಳಿಯ ಸತತ 666 ದಿನಗಳ ಟಿಕೆಟ್ಟುಗಳು ಪೂರ್ತಿ ಮಾರಾಟವಾಗಿದ್ದವು. ಯೊಕೊಜುನಾ ಆಗಿದ್ದ ಅದೇ ಟಕಾನೊಹಾನಾ 2001ರ ಮೇ ತಿಂಗಳಲ್ಲಿ ಹದಿನಾಲ್ಕನೆಯ ದಿನ ಬಲ ಮಂಡಿಗೆ ಪೆಟ್ಟು ತಿಂದೂ ಮರುದಿನ ಕಣಕ್ಕಿಳಿದು, ಮುಸಾಶಿಮಾರು ಎದುರು ಮೊದಲು ಸೋತು, ನಿರ್ಣಾಯಕ ಮರುಪಂದ್ಯದಲ್ಲಿ ಗೆದ್ದರು. ಪ್ರಧಾನಿ ಕೊಯಿಜುಮಿ ಸ್ವತಃ ಕಣಕ್ಕೆ ಬಂದು, ನೋವು ಸಹಿಸಿ ಹೋರಾಡಿದ್ದನ್ನು ಕೊಂಡಾಡಿದರು; ಇಡೀ ದೇಶ ಚಪ್ಪಾಳೆ ತಟ್ಟಿತು. ನಂತರ ಟಕಾನೊಹಾನಾ ಏಳು ಪಂದ್ಯಾವಳಿಗಳಿಗೆ ಗೈರುಹಾಜರಾದರು. ಮುಂದೆ ಒಂದನ್ನೂ ಗೆಲ್ಲಲಿಲ್ಲ. 2003ರ ಜನವರಿಯಲ್ಲಿ ನಿವೃತ್ತರಾದರು. ಹದಿನಾರು ವರ್ಷಗಳ ಬಳಿಕ ಕಿಸೆನೊಸಾಟೊ ವಿಷಯದಲ್ಲೂ ಹೀಗೆಯೇ ಆಯಿತು. ಹತ್ತೊಂಬತ್ತು ವರ್ಷಗಳ ನಂತರ ಜಪಾನಿನಲ್ಲೇ ಹುಟ್ಟಿದವನೊಬ್ಬ ಯೊಕೊಜುನಾ ಆದನೆಂದು ದೇಶ ಸಂಭ್ರಮಿಸುತ್ತಿದ್ದಾಗ, 2017ರ ಮಾರ್ಚಿನಲ್ಲಿ, ಎಡ ಎದೆ ಮತ್ತು ತೋಳಿನ ಗಾಯವನ್ನು ಲೆಕ್ಕಿಸದೆ ಕೊನೆಯ ದಿನ ಟೆರುನೊಫುಜಿಯನ್ನು ಎರಡೆರಡು ಬಾರಿ ಸೋಲಿಸಿ ಅವರು ಕಪ್ ಎತ್ತಿದರು. ಆ ತೋಳು ಮತ್ತೆ ಮೊದಲಿನಂತಾಗಲಿಲ್ಲ. ಸತತ ಎಂಟು ಪಂದ್ಯಾವಳಿಗಳಲ್ಲಿ ಪೂರ್ತಿಯಾಗಿಯೋ ಅರ್ಧಕ್ಕೋ ಹಿಂದೆ ಸರಿದು, 2019ರ ಜನವರಿಯಲ್ಲಿ 32ನೆಯ ವಯಸ್ಸಿಗೇ ವಿದಾಯ ಹೇಳಿದರು. ಯೊಕೊಜುನಾನನ್ನು ಶ್ರೇಣಿಯಿಂದ ಕೆಳಗಿಳಿಸುವ ನಿಯಮವೇ ಇಲ್ಲ; ಮನೆಯಲ್ಲಿ ಕುಳಿತರೂ ಅವನ ಸಂಬಳಕ್ಕೆ ಕುಂದಿಲ್ಲ. ಆದ್ದರಿಂದ ಇವರಿಬ್ಬರನ್ನು ಮುರಿದ ಮೈಯಲ್ಲಿ ಕಣಕ್ಕೆಳೆದದ್ದು ಹಣವಾಗಿರಲಾರದು. ತಮ್ಮನ್ನು ನೋಡಲು ಬಂದವರ ನಿರೀಕ್ಷೆ, ಪದವಿಯ ಮರ್ಯಾದೆ ಇವೇ ಎಂದು ನನ್ನ ತಿಳಿವಳಿಕೆ. ಚಪ್ಪಾಳೆ ತಟ್ಟಿದವರಲ್ಲಿ ಯಾರೂ ಆ ಮಂಡಿಯ ಹೊಣೆ ಹೊತ್ತಂತಿಲ್ಲ.

ಕೆಳಗಿನವರನ್ನು ಗಾಯದ ಮೇಲೂ ಕಣಕ್ಕೆ ತಳ್ಳುವುದು ಮಾತ್ರ ಹಣವೇ. ಪಂದ್ಯದಲ್ಲಿ ಗಾಯಗೊಂಡವನು ಮುಂದಿನ ಪಂದ್ಯಾವಳಿಗೆ ಬಾರದಿದ್ದರೂ ಅವನ ಸ್ಥಾನ ಕಾಯ್ದಿಡುವ ವ್ಯವಸ್ಥೆಯೊಂದು 1972ರಿಂದ ಜಾರಿಯಲ್ಲಿತ್ತು. ಅದು ದುರುಪಯೋಗವಾಗುತ್ತಿದೆ, ಗೈರುಹಾಜರಿ ಹೆಚ್ಚುತ್ತಿದೆ ಎಂಬ ಕಾರಣ ನೀಡಿ 2003ರ ಕೊನೆಗೆ ರದ್ದುಪಡಿಸಿದರು. ಅಂದಿನಿಂದ ಶಸ್ತ್ರಚಿಕಿತ್ಸೆಗೆ ಮಲಗಿದವನು ಏಳುವಷ್ಟರಲ್ಲಿ ಶ್ರೇಣಿಯೂ ಸಂಬಳವೂ ಹೋಗಿರುತ್ತವೆ. 168 ಸೆಂಟಿಮೀಟರ್ ಎತ್ತರದ ಎನ್ಹೋ, ತನ್ನ ಎರಡರಷ್ಟು ತೂಗುವವರನ್ನು ಕೆಡವಿ ಮನೆಮಾತಾದವನು, 2023ರ ಮೇ ತಿಂಗಳಲ್ಲಿ ಕುತ್ತಿಗೆಯ ಗಾಯದಿಂದ ಹಿಂದೆ ಸರಿದು ಕಟ್ಟಕಡೆಯ ದರ್ಜೆಯವರೆಗೂ ಇಳಿದ. ಅಭಿಮಾನಿಗಳು ಕೈಬಿಡಲಿಲ್ಲ, ಆದರೆ ಅಭಿಮಾನ ತಿಂಗಳ ಸಂಬಳವಾಗಿ ಬರುವುದಿಲ್ಲ. ಇನ್ನು ಎರಡನೆಯ ಉನ್ನತ ಪದವಿಯಾದ ಒಜೆಕಿಯಲ್ಲಿದ್ದ ಟೆರುನೊಫುಜಿ ಮಂಡಿ ಮತ್ತು ಸಕ್ಕರೆ ಕಾಯಿಲೆಯಿಂದ ಕುಸಿದು, ಕೆಳಗಿನಿಂದ ಎರಡನೆಯದಾದ ಜೊನಿದಾನ್ ದರ್ಜೆಯಲ್ಲಿ 2019ರಲ್ಲಿ ಮತ್ತೆ ಆರಂಭಿಸಿ, 2020ರ ಜುಲೈಯಲ್ಲಿ ಮೇಲ್ದರ್ಜೆಯನ್ನೇ ಗೆದ್ದು, 2021ರಲ್ಲಿ ಯೊಕೊಜುನಾ ಆದದ್ದು ಸುಮೋ ಬಲ್ಲವರಿಗೆಲ್ಲ ಗೊತ್ತು. ನಿವೃತ್ತಿಗೆ ಅವಕಾಶ ಕೊಡಿ ಎಂದು ಮತ್ತೆ ಮತ್ತೆ ಕೇಳಿದವನನ್ನು ತಡೆದು ನಿಲ್ಲಿಸಿದ್ದು ಗರಡಿಯ ಗುರು. ಹಣ, ಹೆಸರು ಎರಡೂ ಕೈಬಿಟ್ಟ ಆ ಕಾಲದಲ್ಲಿ ಅವನನ್ನು ಹಿಡಿದಿಟ್ಟದ್ದು ಇವೆರಡರ ಲೆಕ್ಕಕ್ಕೆ ಸಿಗುವುದಿಲ್ಲ.

ಸುಮೋದ ಹಣಕಾಸಿನಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಒಂದಿದೆ. ಕೆಳ ಸಾಲಿನ ಮಕುಉಚಿ ಮಲ್ಲನೊಬ್ಬ ಯೊಕೊಜುನಾನನ್ನು ಕೆಡವಿದರೆ ಅದಕ್ಕೆ ಕಿನ್‌ಬೋಶಿ ಎನ್ನುತ್ತಾರೆ. ಅಂಥ ಒಂದು ಗೆಲುವಿಗೆ ಈಗಿನ ಲೆಕ್ಕದಲ್ಲಿ ಪ್ರತಿ ಪಂದ್ಯಾವಳಿಗೂ 40,000 ಯೆನ್ ಹೆಚ್ಚುವರಿ ಸಿಗುತ್ತದೆ, ಅದೂ ಅವನು ಸಂಬಳದ ದರ್ಜೆಯಲ್ಲಿ ಇರುವಷ್ಟು ಕಾಲ. ಅಕಿನೊಶಿಮಾ ಎಂಬುವರು ಇಂಥ ಹದಿನಾರು ಗೆಲುವುಗಳ ದಾಖಲೆ ಹೊಂದಿದ್ದಾರೆ. ಎಂದೂ ಯೊಕೊಜುನಾ ಆಗಲಾರದವನಿಗೂ ಒಂದು ದಿನದ ಸಾಹಸ ವರ್ಷಗಟ್ಟಲೆ ಫಲ ಕೊಡುವ ಈ ಏರ್ಪಾಡು ಲಕೋಟೆಗಿಂತ ಎಷ್ಟೋ ಬುದ್ಧಿವಂತಿಕೆಯದು.

ನಮ್ಮಲ್ಲಿ ಚರ್ಚೆಯೆಲ್ಲ ಅಂತಿಮ ಪಂದ್ಯದ ಮೊತ್ತದ ಸುತ್ತಲೇ ತಿರುಗುತ್ತದೆ. ಮೈಸೂರು ದಸರಾದಲ್ಲಿ ದಸರಾ ಕಂಠೀರವ, ದಸರಾ ಕೇಸರಿ ಬಿರುದಿನ ಜೊತೆಗೆ ಗದೆ ಹಿಡಿದವರ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಊರ ಜಾತ್ರೆಗಳ ಕುಸ್ತಿಯಲ್ಲಿ ಗೆದ್ದವನ ಕೈಗೆ ನೋಟು ತುರುಕುವ ಉತ್ಸಾಹಕ್ಕೂ ಕೊರತೆಯಿಲ್ಲ. ಮಾಜಿ ಕುಸ್ತಿಪಟುಗಳಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ಸಂತೋಷ. ಇವೆರಡರ ನಡುವಿನ ಹರೆಯದಲ್ಲಿ, ಹಾಲು ಬಾದಾಮಿಯ ಖರ್ಚು ನೀಗಿಸಲು ದಿನಗೂಲಿಗೆ ಹೋಗಿ ಸಂಜೆ ಗರಡಿಯ ಮಟ್ಟಿಗೆ ಇಳಿಯುವ, ಭುಜ ಕಳಚಿಕೊಂಡರೆ ಆರು ತಿಂಗಳು ಕೂಲಿಯನ್ನೂ ಕಳೆದುಕೊಳ್ಳುವ ಹುಡುಗನಿಗೆ ಏನು ಏರ್ಪಾಡಿದೆ ಎಂದು ಲೇಖಕರು ಕೇಳಲಿಲ್ಲ. ಬಹುಮಾನವನ್ನು ದುಪ್ಪಟ್ಟು ಮಾಡಿದರೆ ಅದು ಗದೆ ಹಿಡಿದವನಿಗೇ ಸೇರುತ್ತದೆ. ಅವನಲ್ಲಿ ಛಲ ಮೊದಲೇ ಇತ್ತು. ಅದೇ ಹಣದಲ್ಲಿ ಪ್ರತಿ ಜಿಲ್ಲೆಯ ಹತ್ತಿಪ್ಪತ್ತು ಪೈಲ್ವಾನರಿಗೆ ತಿಂಗಳ ಭತ್ಯೆ ಮತ್ತು ಗಾಯಗೊಂಡ ಅವಧಿಗೂ ಅದನ್ನು ನಿಲ್ಲಿಸದಿರುವ ಭರವಸೆ ಕೊಡುವುದು ಮೇಲೆಂದು ನನ್ನ ಅಭಿಪ್ರಾಯ. ದುರುಪಯೋಗ ಆದೀತೆಂಬ ಆಕ್ಷೇಪ ಬಂದೇ ಬರುತ್ತದೆ. ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿದರೆ ಅದಕ್ಕೆ ಬಹುಮಟ್ಟಿಗೆ ತಡೆ ಹಾಕಬಹುದು.

ತಮ್ಮಲ್ಲಿ ಒಂದು ವಿನಂತಿ. ಮುಂದಿನ ದಸರಾ ಕುಸ್ತಿಯ ವರದಿ ಮಾಡುವಾಗ, ಬಿರುದು ಪಡೆದವರ ಜೊತೆಗೆ ಮೊದಲ ಸುತ್ತುಗಳಲ್ಲೇ ಸೋತವರಿಗೆ ಪ್ರಯಾಣದ ಖರ್ಚು ಸಿಕ್ಕಿತೇ, ಅಖಾಡದಲ್ಲಿ ಗಾಯಗೊಂಡವರ ಚಿಕಿತ್ಸೆಯ ಬಿಲ್ಲನ್ನು ಯಾರು ಕಟ್ಟಿದರು ಎಂಬುದನ್ನೂ ವಿಚಾರಿಸಿ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಓದುಗ, ಬಸವನಗುಡಿ, ಬೆಂಗಳೂರು