ವಾರಂಟ್ ಹಿಡಿದು ಹೋದವನು

ಪ್ರೀತಿಯ ಪುಟ್ಟಿ,

ಇವತ್ತು ಅಕ್ಟೋಬರ್ 21. ಬೆಳಿಗ್ಗೆ ಪರೇಡ್ ಮೈದಾನಕ್ಕೆ ಹೋಗಿ ಬಂದೆ. 1959ರಲ್ಲಿ ಇದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಹತ್ತಿರ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಪೊಲೀಸರು ಸತ್ತರಲ್ಲ, ಅವರ ನೆನಪಿನ ದಿನ. ಈ ವರ್ಷ ಕರ್ತವ್ಯದಲ್ಲಿ ತೀರಿಕೊಂಡವರ ಹೆಸರನ್ನೂ ಒಂದೊಂದಾಗಿ ಓದಿದರು. ಬಿಸಿಲಲ್ಲಿ ನಿಂತು ಕೇಳುತ್ತಿದ್ದವನಿಗೆ ಅಬಿಲೀನ್‌ನ ಸ್ಮಶಾನದಲ್ಲಿ ನೋಡಿದ ಆ ಬಂಡೆ ನೆನಪಾಯಿತು.

ಹೋದ ವರ್ಷ ನಾನು, ಅಮ್ಮ ಅಮೆರಿಕದ ಕಾನ್ಸಸ್‌ಗೆ ಬಂದಾಗ ನೀನು ಅಧ್ಯಕ್ಷ ಐಸೆನ್‌ಹೋವರ್ ಬೆಳೆದ ಊರು ಅಂತ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಾನು ಸ್ಮಶಾನ ನೋಡಬೇಕು ಅಂತ ಹಟ ಹಿಡಿದೆ. "ಯಾಕಪ್ಪಾ?" ಅಂದೆ ನೀನು. ಆಗ ಹೇಳೋಕೆ ಬಾಯಿ ಬರಲಿಲ್ಲ. ಈಗ ಹೇಳ್ತೀನಿ ಕೇಳು.

1870ರ ಹೊತ್ತಿಗೆ ಟೆಕ್ಸಾಸ್‌ನಿಂದ ಸಾವಿರಾರು ದನ ಹೊಡೆದುಕೊಂಡು ಬಂದು ಅಬಿಲೀನ್‌ನಲ್ಲಿ ರೈಲಿಗೆ ಹತ್ತಿಸುತ್ತಿದ್ದರು. ತಿಂಗಳುಗಟ್ಟಲೆ ದಾರಿ ಸವೆಸಿದ ಹುಡುಗರು. ಕೂಲಿ ಕೈಗೆ ಬಂದರೆ ಕುಡಿತ, ಜೂಜು, ಗುಂಡು. ಊರೊಳಗೆ ಪಿಸ್ತೂಲ್ ತರಬಾರದು ಅಂತ ಹಾಕಿದ್ದ ನೋಟಿಸಿಗೇ ಗುಂಡು ಹೊಡೆದಿದ್ದರು. ಕಟ್ಟುತ್ತಿದ್ದ ಜೈಲಿನ ಗೋಡೆ ಕೆಡವಿದ್ದರು. ಸೇಂಟ್ ಲೂಯಿಸ್‌ನಿಂದ ಬಂದ ಇಬ್ಬರು ಪೊಲೀಸರು ಊರು ನೋಡಿ ಹಾಗೇ ವಾಪಸ್ ರೈಲು ಹತ್ತಿದ್ದರು.

ಅಂಥ ಊರಿಗೆ 1870ರ ಜೂನ್‌ನಲ್ಲಿ ಟಾಮ್ ಸ್ಮಿತ್ ಮಾರ್ಷಲ್, ಅಂದರೆ ಊರಿನ ಪೊಲೀಸ್ ಮುಖ್ಯಸ್ಥ, ಆಗಿ ಬಂದ. ತಿಂಗಳಿಗೆ 150 ಡಾಲರ್ ಸಂಬಳ. ಬಿಗ್ ಹ್ಯಾಂಕ್ ಅನ್ನೋ ಪುಂಡ ಅಡ್ಡ ನಿಂತು ಪಿಸ್ತೂಲ್ ಕೊಡಲ್ಲ ಅಂದ. ಸ್ಮಿತ್ ತನ್ನ ಪಿಸ್ತೂಲಿಗೆ ಕೈ ಹಾಕಲಿಲ್ಲ. ಮುಷ್ಟಿ ಬಿಗಿದು ಗುದ್ದಿದ. ಅವನು ಬಿದ್ದ ಮೇಲೆ ಪಿಸ್ತೂಲ್ ಕಿತ್ತುಕೊಂಡು ಊರು ಬಿಡು ಅಂದ. ಆಮೇಲೆ ಬಂದ ವಯೋಮಿಂಗ್ ಫ್ರಾಂಕ್‌ಗೂ ಅದೇ ಗತಿ. ಉಳಿದವರು ತಾವಾಗಿಯೇ ಪಿಸ್ತೂಲ್ ಒಪ್ಪಿಸತೊಡಗಿದರು. ಬೂದು ಕುದುರೆ ಹತ್ತಿ ಅವನು ಬೀದಿಯ ನಟ್ಟನಡುವೆ ಓಡಾಡುತ್ತಿದ್ದನಂತೆ. ಇಷ್ಟು ವರ್ಷ ಲಾಠಿ ಹಿಡಿದವನು ನಾನು. ಗುಂಡು ಹಾರಿಸದೆ ಗಲಾಟೆ ಇಳಿಸೋದು ಎಷ್ಟು ಕಷ್ಟ ಅಂತ ಗೊತ್ತು.

ಅವನು ಸತ್ತದ್ದು ಆ ಪುಂಡರ ಕೈಯಲ್ಲಲ್ಲ. ಊರಾಚೆ ಆಂಡ್ರ್ಯೂ ಮೆಕಾನೆಲ್ ಅನ್ನೋ ರೈತ, ಮೆಕ್ಕೆಜೋಳದ ಹೊಲಕ್ಕೆ ದನ ನುಗ್ಗಿದ ಜಗಳದಲ್ಲಿ ಪಕ್ಕದವನನ್ನು ಕೊಂದಿದ್ದ. ಬದು, ಬೇಲಿ, ದನ ಅಂತ ನಮ್ಮ ಠಾಣೆಗೂ ಎಷ್ಟು ಕೇಸು ಬರುತ್ತಿದ್ದವು! ನವೆಂಬರ್ 2ರಂದು ಸ್ಮಿತ್ ಅವನ ಗುಡಿಸಲಿಗೆ ಹೋಗಿ ವಾರಂಟ್ ಓದಿ ಹೇಳಿದ. ಮೆಕಾನೆಲ್ ಸ್ಮಿತ್‌ನ ಎದೆಗೆ ಗುಂಡು ಹೊಡೆದ. ಗುಂಡು ತಾಗಿದರೂ ಸ್ಮಿತ್ ಬಿಡದೆ ಹಿಡಿದುಕೊಂಡ. ಅಷ್ಟರಲ್ಲಿ ಮೆಕಾನೆಲ್ ಜೊತೆಗಿದ್ದ ಮೋಸೆಸ್ ಮೈಲ್ಸ್ ಅನ್ನೋನು ಕೊಡಲಿಯಿಂದ ಕಡಿದ. ಸ್ಮಿತ್ ಜೊತೆಗೆ ಹೋಗಿದ್ದ ಡೆಪ್ಯುಟಿ ಓಡಿಹೋಗಿದ್ದ.

ಕೆಲಸಕ್ಕೆ ಸೇರಿ ಐದೇ ತಿಂಗಳಾಗಿತ್ತು. ಅವನ ಸಮಾಧಿಗೆ ಆ ಬಂಡೆ ನಿಲ್ಲಿಸಿದ್ದು 1904ರಲ್ಲಿ. ಕರ್ತವ್ಯಕ್ಕಾಗಿ ಹುತಾತ್ಮನಾದ ಅಂತ ಅದರ ಫಲಕದಲ್ಲಿದೆ, ನೀನೇ ಓದಿ ಹೇಳಿದ್ದೆ. ಇವತ್ತು ಮೈಕಿನಲ್ಲಿ ಕೇಳಿದ್ದೂ ಅದೇ ಪದ.

ನಿನಗೆ ಮೂರು ವರ್ಷ ಇದ್ದಾಗ ನಾನೂ ಒಂದು ವಾರಂಟ್ ಹಿಡಿದು ಹಳ್ಳಿಗೆ ಹೋಗಿದ್ದೆ. ಸಂಜೆ ಹೊತ್ತು. ಬಾಗಿಲು ತಟ್ಟಿದೆ. ಕದ ಅರ್ಧ ತೆರೆಯಿತು, ಮೊದಲು ಕಂಡಿದ್ದು ಮಚ್ಚಿನ ತುದಿ. ನಾನು ಹಿಂದೆ ಸರಿಯೋಕೆ ಹೋಗಿ ಮೆಟ್ಟಿಲು ತಪ್ಪಿ ಬಿದ್ದೆ. ಜೊತೆಯಲ್ಲಿದ್ದವರು ಓಡಬಹುದಿತ್ತು. ಓಡಲಿಲ್ಲ. ಲಾಠಿ ಅಡ್ಡ ಹಿಡಿದು ನನ್ನ ಮುಂದೆ ನಿಂತರು. ಲಾಠಿ ಎರಡು ತುಂಡಾಯಿತು, ಅವರ ಎಡಗೈಗೆ ಏಟು ಬಿತ್ತು. ಹಬ್ಬಕ್ಕೆ ನಿನಗೆ ಬತ್ತಾಸು ತರ್ತಿದ್ದ ಮಾಮ ಇದ್ದರಲ್ಲ, ಅವರೇ. ಎರಡು ಬೆರಳು ಮಡಚೋಕೆ ಬರ್ತಿರಲಿಲ್ಲ, ನೀನು ಎಳೆದು ಎಳೆದು ನೋಡ್ತಿದ್ದೆ. ಬಾವಿ ಹಗ್ಗ ಸಿಕ್ಕಿಕೊಂಡಿತ್ತು ಅಂತ ಸುಮ್ನೆ ನಿನಗೆ ಸುಳ್ಳು ಹೇಳಿದ್ದೆವು.

ನವೆಂಬರ್ 2ರಂದು ಬಿಡುವಾದರೆ ಆ ಬಂಡೆ ಹತ್ತಿರ ಹೋಗಿ ಒಂದು ಹೂವು ಇಟ್ಟು ಬಾ. ನಿಮ್ಮೂರಿಂದ ಒಂದು ಗಂಟೆಯೊಳಗಿನ ದಾರಿ ಅಲ್ವಾ? ಚಳಿ ಜಾಸ್ತಿ ಇರುತ್ತೆ, ಸ್ವೆಟರ್ ಹಾಕ್ಕೋ. ನಾನು ಅವತ್ತು ಮಾಮನ ಮನೆಗೆ ಹೋಗ್ತೀನಿ. ಅವರು ಹೋದ ಮೇಲೆ ಅತ್ತೆ ಒಬ್ಬರೇ ಇದ್ದಾರೆ.

ಇಂತಿ,
ನಿನ್ನ ಅಪ್ಪ